ಹಾಯಿಯ ಮೂರನೆಯ ಪಟ್ಟಿ

ಕಡಲು ದಾಟಿದವರನ್ನು ಎಣಿಸುತ್ತಾ ಕೂತಿದ್ದಾರೆ ಹುಡುಗರು
ಬೆಂಕಿಯ ಆ ಬದಿಗೆ.
ಬರ್ಸಿ, ಸ್ಕೂಲಿ, ಕುಂಟ ಹಾವರ್ಡ್...
ಒಂದೊಂದು ಹೆಸರಿಗೆ ಒಂದೊಂದು ಬೆರಳು ಮಡಿಚುತ್ತಾರೆ.
ಈ ಬದಿಗೆ ನಾನು, ಔಡ್ನಿ, ಬರ್ಸಿಯ ವಿಧವೆ,
ಸೀಲಿನೆಣ್ಣೆಯ ದೀಪಕ್ಕೆ ಹೊಸ ಬತ್ತಿ ಹೊಸೆಯುತ್ತಿದ್ದೇನೆ.

ಹಡಗು ಕಟ್ಟಲು ಅವರಿಗೆ ಒಂದು ಚಳಿಗಾಲ ಸಾಕಾಯಿತು.
ಹಾಯಿಗೆ ನಮಗೆ ನಾಲ್ಕು.

ಆ ನಾಡಿನ ಕುರಿಗೆ ಮೈಮೇಲೆ ಎರಡು ತುಪ್ಪಟ:
ಹೊರಗಿನದು ನೀಳ, ಬಿರುಸು, ಅದರಲ್ಲಿ ಮಳೆ ನಿಲ್ಲದು;
ಒಳಗಿನದು ಕೂಸಿನ ನೆತ್ತಿ.
'ಹಾಸಿಗೆ ಬಿರುಸು, ಹೊಕ್ಕಿಗೆ ಮೆದು' ಎಂದಳು ಅತ್ತೆ.
ಮದುವೆಯಾಗಿ ತಿಂಗಳಾಗಿತ್ತು ಅಷ್ಟೆ,
ಯಾವ ಹಾಸಿಗೆಯ ಮಾತೋ ತಿಳಿಯದೆ ನಕ್ಕುಬಿಟ್ಟೆ.
ತಿಮಿಂಗಿಲದ ಎಲುಬಿನ ಹಲಗೆಯಿಂದ ಬೆನ್ನಿಗೊಂದು ಬಿತ್ತು.

ನಿಂತ ಮಗ್ಗ. ಬುಡದಲ್ಲಿ ನೇತಾಡುವ ಕಲ್ಲುಗಳು,
ಟಕ್ ಟಕ್, ಚಳಿಗೆ ಹಲ್ಲು ಕಡಿದ ಹಾಗೆ.
ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ
ನಡೆದೆವು, ನಡೆದೆವು,
ಕತ್ತಲೆ ಕರಗದ ಆ ತಿಂಗಳುಗಳಲ್ಲಿ.
ಹಾಯಿ ಗಾಳಿ ಕಾಣುವ ಮೊದಲೇ
ಐಸ್‌ಲ್ಯಾಂಡಿಗೆ ಹೋಗಿ ಬಂದಿರಬೇಕು ನನ್ನ ಹಿಮ್ಮಡಿ.

ನೂಲುವವಳು ಮುಯಿರೆನ್.
ಐರ್ಲೆಂಡಿನ ಕಡೆಯವಳು, ಕೊಂಡು ತಂದದ್ದು,
ಎಡಚಿ.
ಅವಳ ಕದಿರು ತಿರುಗಿದ್ದೇ ಉಲ್ಟಾ.
ಮೂರನೆಯ ಪಟ್ಟಿ ಪೂರಾ ಅವಳ ನೂಲು;
ಕೊಬ್ಬು, ಟಾರು ತಿಕ್ಕಿದ ಮೇಲೂ
ಬೆಳಕು ಓರೆಯಾಗಿ ಬಿದ್ದರೆ ಕಾಣುತ್ತಿತ್ತು:
ಮಿಕ್ಕವೆಲ್ಲ ಒಂದೇ ಕಡೆ ಬಾಗಿದ ಹುಲ್ಲು,
ಅದೊಂದು ಬೇರೆ ಗಾಳಿಗೆ ಬಾಗಿದ್ದು.
'ಬಿಚ್ಚಿ ಎಸೆ' ಎಂದಳು ಅತ್ತೆ. ನಾನು ಬಿಚ್ಚಲಿಲ್ಲ.
ದಯೆಯೇನಲ್ಲ, ಸೋಮಾರಿತನ.

ಐಸ್‌ಲ್ಯಾಂಡಿನ ರೇವಿನಲ್ಲಿ ನೀರು ತುಂಬಲು ನಿಂತಾಗ
ಬರ್ಸಿ ಅವಳನ್ನು ಕೊಟ್ಟುಬಿಟ್ಟ,
ಎರಡು ಹಸು, ಒಂದು ಪೀಪಾಯಿ ಹುಳಿ ಮಜ್ಜಿಗೆಗೆ.
ಮನೆಯ ಬೀಗದಕೈಯೆಲ್ಲ ನನ್ನ ಸೊಂಟದಲ್ಲೇ ಇತ್ತು.
ಬಾಯಿಗೆ ಯಾರು ಬೀಗ ಹಾಕಿದ್ದರೋ.
ಕದಿರನ್ನು ನನ್ನ ಕೈಗಿಟ್ಟು ದಡಕ್ಕಿಳಿದಳು.
ತಿರುಗಿ ನೋಡಿದಳೋ ಇಲ್ಲವೋ,
ನಾನು ಹಸುಗಳನ್ನು ಹತ್ತಿಸುತ್ತಿದ್ದೆ.

ಆಮೇಲಿನದು ಪಡುವಣ ಕಡಲು.
ಏಳನೆಯ ದಿನ ಬಾನು, ನೀರು, ಎರಡೂ ಸೀಸ.
ಎಂಟನೆಯ ರಾತ್ರಿ ನನಗೆ ನೋವು ಬಂತು.
ಹಸುವಿನ ಕಾಲುಗಳ ಸಂದಿಯಲ್ಲಿ, ಒದ್ದೆ ಹುಲ್ಲಿನ ಮೇಲೆ,
ಹೊಕ್ಕುಳಬಳ್ಳಿ ಹಿಡಿಯಲು ಇನ್ನೊಂದು ಹೆಣ್ಣುಕೈ ಇಲ್ಲದೆ
ಆರು ಹುಟ್ಟುಗಳ ನಡುವೆ ಏಳನೆಯ ಹುಟ್ಟು, ನನ್ನ ಮಗಳು.
ಗಂಡಸರು ಮುಖ ತಿರುಗಿಸಿಕೊಂಡರು.
ಕಡಲು ತಿರುಗಿಸಲಿಲ್ಲ.

ಬೆಳಗಾಗುವಷ್ಟರಲ್ಲಿ ಬಿರುಗಾಳಿ.
ಹಾಯಿ ಮೊದಲು ಕೂಗಿತು, ಆಮೇಲೆ ಹರಿಯಿತು.
ನನ್ನ ಪಟ್ಟಿ ಹೋಯಿತು. ಅತ್ತೆಯದು ಹೋಯಿತು,
ಅಷ್ಟು ಬಿಗಿಯಾಗಿ ಬಡಿದು ನೇಯ್ದದ್ದು.
ಮೂರನೆಯದು ನಿಂತಿತು.
ಹೊಲಿಗೆ ಬಿಟ್ಟ ಎರಡೂ ಅಂಚಿಗೆ ಚಿಂದಿ ಜೋಲುತ್ತಾ
ಗಾಳಿಯನ್ನು ಹಲ್ಲಲ್ಲಿ ಕಚ್ಚಿ
ಮಂಜುಗಡ್ಡೆಯ ಗುಡ್ಡಗಳ ನಡುವೆ ನಮ್ಮನ್ನೆಳೆದು
ಈ ಗ್ರೀನ್‌ಲ್ಯಾಂಡಿನ ಕಲ್ಲುದಡಕ್ಕೆ ಎಸೆಯಿತು.
'ನನ್ನ ಹಡಗು' ಎನ್ನುತ್ತಾ ಬರ್ಸಿ ಅದರ ಮೂತಿ ಸವರಿದ.

ಹಾಯಿ ಈಗ ಚೂರುಚೂರು.
ಒಂದಿಷ್ಟು ಈ ಹುಡುಗರ ಕೈಗವಸು,
ಒಂದಿಷ್ಟು ಬರ್ಸಿಯ ಜೊತೆ ಮಣ್ಣಿಗೆ.
ಮೂರನೆಯದರಲ್ಲಿ ಮಗಳಿಗೆ ಅಂಗಿ ಹೊಲಿದೆ;
ಅವಳು ಬೆಳೆದ ಮೇಲೆ ಬಿಚ್ಚಿ, ನನ್ನ ದಿಂಬಿಗೆ.
ಟಾರಿನ ವಾಸನೆ ಇನ್ನೂ ಹೋಗಿಲ್ಲ.
ಬೆಳಿಗ್ಗೆ ಎದ್ದರೆ ಕೆನ್ನೆಯ ಮೇಲೆ
ಅವಳ ಓರೆ ಎಳೆಗಳ ಅಚ್ಚು.

ಹುಡುಗರ ಲೆಕ್ಕ ಹನ್ನೊಂದಕ್ಕೆ ನಿಂತಿದೆ,
ಇನ್ನೊಬ್ಬ ಯಾರೋ ಇದ್ದ ಎಂದು ಜಗಳ.
ಬತ್ತಿ ಹತ್ತಿಕೊಂಡಿತು.
ನಾನು ಎಡಗೈಯ ಒಂದು ಬೆರಳು ಮಡಿಚಿದೆ.
'ಸುಟ್ಟಿತಾ ಅಜ್ಜಿ?' ಎಂದ, ಎಲ್ಲರಿಗಿಂತ ಕಿರಿಯವನು.

ಹೌದು ಎಂದೆ.